ಮುಪ್ಪಿನ ಗಂಟು, ಮಗಳ ವಿದ್ಯೆ

ಮುಂಡರಗಿಯ ಗೃಹಸ್ಥರೊಬ್ಬರು ನಮಗೆ ಬರೆದಿರುವರು: “ಗುರುಗಳೇ, ಮಗಳ ಕಾಲೇಜಿನ ಫೀಗಾಗಿ ಅಂಚೆ ಕಚೇರಿಯ ಪಿಪಿಎಫ್ ಖಾತೆಯನ್ನು ಮುಚ್ಚಿದರೆ ಆದಾಯ ತೆರಿಗೆ ಬೀಳುವುದೇ?” ನಮಗಾದರೋ ಪಿಂಚಣಿಯುಂಟು, ಅವರ ಮುಪ್ಪಿಗೆ ಈ ಗಂಟೊಂದೇ ಆಧಾರ.

ತೆರಿಗೆಯೇನೋ ಬೀಳದು. ಆದರೂ ಮುಚ್ಚುವುದು ವಿವೇಕವಲ್ಲ. 2019ರ ನಿಯಮದಂತೆ, ಖಾತೆ ತೆರೆದ ವರ್ಷವು ಮುಗಿದು 5 ವರ್ಷಗಳಾದ ಮೇಲೆ ಉಚ್ಚ ಶಿಕ್ಷಣಕ್ಕಾಗಿ ಅದನ್ನು ಮುಚ್ಚಬಹುದು. ಆದರೆ ಮೊದಲಿನಿಂದಲೂ ಬಡ್ಡಿಯ ದರವು ಶೇಕಡಾ 1ರಷ್ಟು ಇಳಿಯುವುದು. ಅದೇ ಅವಧಿಯ ತರುವಾಯ ಖಾತೆಯನ್ನು ಉಳಿಸಿಕೊಂಡೇ ವರ್ಷಕ್ಕೊಮ್ಮೆ ಹಣ ತೆಗೆಯಲೂ ಅವಕಾಶವಿದೆ. ಹಿಂದಿನ ನಾಲ್ಕನೆಯ ವರ್ಷದ ಕೊನೆಯ ಶಿಲ್ಕು, ಕಳೆದ ವರ್ಷದ ಕೊನೆಯ ಶಿಲ್ಕು, ಇವೆರಡರಲ್ಲಿ ಕಡಿಮೆಯಾದುದರ ಅರ್ಧದವರೆಗೆ ದೊರೆಯುವುದು. ಬಡ್ಡಿಗೆ ಕುಂದಿಲ್ಲ, ತೆರಿಗೆಯೂ ಇಲ್ಲ.

ಆದರೆ ತೆಗೆದುದನ್ನು ಮರಳಿ ಒಮ್ಮೆಲೇ ತುಂಬಲಾಗದು. ವರ್ಷಕ್ಕೆ 1,50,000 ರೂಪಾಯಿಯೇ ಮಿತಿ. ಹೆಚ್ಚು ತೆಗೆದು ಬ್ಯಾಂಕಿನ ಠೇವಣಿಯಲ್ಲಿಟ್ಟರೆ ಆ ಬಡ್ಡಿಯು ತೆರಿಗೆಯ ಲೆಕ್ಕಕ್ಕೆ ಸೇರುವುದು. ಆದುದರಿಂದ ಆಯಾ ವರ್ಷದ ಫೀಗೆ ಬೇಕಾದಷ್ಟನ್ನೇ ತೆಗೆಯತಕ್ಕದ್ದು.

ಡಂಬಳದ ಕೆರೆಯಿಂದ ಹೊಲಕ್ಕೆ ನೀರು ಬಿಡುವವನು ತೂಬನ್ನೆತ್ತುವನೇ ಹೊರತು ಏರಿಯನ್ನೊಡೆಯನು. ಮಗಳು ಓದಲಿ, ತಂದೆತಾಯಿಗಳ ಮುಪ್ಪೂ ಬರಿದಾಗದಿರಲಿ.