ರಕ್ತದ ಕ್ಯಾನ್ಸರ್ ಹಣೆಬರಹವಲ್ಲ

ಕನ್ನಡ ಪಾಠ ಹೇಳುವ ನಮಗೆ ರಕ್ತದ ವಿಚಾರವೇಕೆ ಎಂದು ಕೆಲವರಿಗೆ ಅನಿಸಬಹುದು. ರಕ್ತದ ಕ್ಯಾನ್ಸರ್ ಎಂದೊಡನೆ "ವಂಶದ ದೋಷ", "ಹಣೆಯಲ್ಲಿ ಬರೆದದ್ದು" ಎಂಬ ಮಾತುಗಳು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತವೆ. ಈ ಮಾತುಗಳನ್ನು ನಾವು ಬಿಡಬೇಕೆಂಬುದೇ ನಮ್ಮ ಅಭಿಪ್ರಾಯ.

ಜೀವಕೋಶದೊಳಗಿನ ಡಿ.ಎನ್.ಎ. ಒಂದು ಪಠ್ಯಪುಸ್ತಕವಿದ್ದಂತೆ, ಜೀನುಗಳು ಅದರ ಪಾಠಗಳು. ಅಚ್ಚಿನ ಅಕ್ಷರ ತಪ್ಪಿದರೆ ಪಾಠ ಕೆಡುತ್ತದೆ. ಅಕ್ಷರಗಳೆಲ್ಲ ಸರಿಯಿದ್ದೂ, ಯಾರೋ ಪೆನ್ಸಿಲಿನಿಂದ "ಈ ಪಾಠ ಓದಬೇಡಿ" ಎಂದು ಗುರುತು ಹಾಕಿದರೆ ಆ ಪಾಠ ಇದ್ದೂ ಇಲ್ಲದಂತೆ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಡಿ.ಎನ್.ಎ.ಗೆ ಅಂಟಿಕೊಂಡು ಇಂಥದೇ ಕೆಲಸ ಮಾಡುತ್ತದೆ. ಇದೊಂದು ಬಗೆಯ ಎಪಿಜೆನೆಟಿಕ್ ಬದಲಾವಣೆ. ಆರೋಗ್ಯವಂತ ದೇಹಕ್ಕೂ ಈ ಗುರುತುಗಳು ಬೇಕು. ಆದರೆ ಅಸ್ಥಿಮಜ್ಜೆಯ ಕೋಶಗಳಲ್ಲಿ ಅವು ತಪ್ಪು ಜಾಗದಲ್ಲಿ ಬಿದ್ದರೆ, ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳು ಮೌನವಾಗಿ, ಬಲಿಯದ ರಕ್ತಕಣಗಳು ತುಂಬಿಕೊಳ್ಳಲು ದಾರಿಯಾಗುತ್ತದೆ. ಈ ಬದಲಾವಣೆಗಳು ಹೆಚ್ಚಾಗಿ ಹುಟ್ಟಿದ ಮೇಲೆ ರಕ್ತದ ಕೋಶಗಳಲ್ಲಿ ಆಗುವಂಥವು, ತಂದೆತಾಯಿಗಳಿಂದ ಬಂದವಲ್ಲ.

ಪೆನ್ಸಿಲಿನ ಗುರುತನ್ನು ಅಳಿಸಬಹುದಷ್ಟೆ? 1964ರಲ್ಲಿ ಪ್ರಾಗ್ ನಗರದ ವಿಜ್ಞಾನಿಗಳು ಅಜಾಸೈಟಿಡಿನ್ ಎಂಬ ಔಷಧವನ್ನು ತಯಾರಿಸಿದರು. ಕೋಶವು ಇಬ್ಭಾಗವಾಗುವಾಗ ಹಳೆಯ ಗುರುತು ಹೊಸ ಪ್ರತಿಗೆ ಇಳಿಯದಂತೆ ಅದು ತಡೆಯುತ್ತದೆಂದು 1980ರಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ತೋರಿಸಿದರು. ರಕ್ತಕಣಗಳು ಸರಿಯಾಗಿ ಬಲಿಯದ ಎಂ.ಡಿ.ಎಸ್. ಎಂಬ ರೋಗಕ್ಕೆ 2004ರಲ್ಲಿ ಅಮೆರಿಕವು ಇದನ್ನು ಒಪ್ಪಿತು. ರೋಗ ಉಲ್ಬಣಿಸಿದವರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಔಷಧ ಪಡೆದವರಲ್ಲಿ ಅರ್ಧದಷ್ಟು ಮಂದಿ 24 ತಿಂಗಳು ದಾಟಿ ಬದುಕಿದರು. ಇತರ ಚಿಕಿತ್ಸೆ ಪಡೆದವರಲ್ಲಿ ಅದು 15 ತಿಂಗಳು. ಪೂರ್ತಿ ಗುಣವಲ್ಲ, ನಿಜ. ಆದರೂ ಒಂದು ಮನೆಗೆ ಆ ಒಂಬತ್ತು ತಿಂಗಳು ಸಣ್ಣದೇನಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಅಂತೂ ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಬಹುಪಾಲು ಮಕ್ಕಳಲ್ಲಿ ಗುಣವಾಗುತ್ತದೆ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಪೆಟ್ಟಿಲ್ಲದೆ ಮೈಮೇಲೆ ಮೂಡುವ ನೀಲಿ ಕಲೆ, ಒಸಡಿನಲ್ಲಿ ರಕ್ತ ಇವು ಕಂಡರೆ ಮರೆಮಾಚದೆ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿರಿ. ಜಾತಕ ನೋಡಿಸುತ್ತ ದಿನ ಕಳೆಯಬೇಡಿರಿ. ಮಕ್ಕಳೇ, ಚಿಕಿತ್ಸೆ ಮುಗಿಸಿ ಶಾಲೆಗೆ ಮರಳಿದ ಗೆಳೆಯನಿಗೆ ನಿಮ್ಮ ಬೆಂಚಿನಲ್ಲೇ ಜಾಗ ಕೊಡಿರಿ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.