ಚೀಲ ಕಾಯುವವರು ಯಾರು?

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ನಗರದ ಒಂದು ಕುಟುಂಬ ಬೆಂಗಳೂರಿನ ಬಳಿಯ ವಂಡರ್‌ಲಾ ಉದ್ಯಾನಕ್ಕೆ ಹೋಗಿ, ಅದರ ಆವರಣದಲ್ಲೇ ಇರುವ ರೆಸಾರ್ಟಿನಲ್ಲಿ ತಂಗಿ ಬಂದಿತು. ವಿಜಯಪುರದ ಮೂಲ ಮನೆ, ತಿಕೋಟಾದ ಮಗನ ಮನೆ, ಬಬಲೇಶ್ವರಕ್ಕೆ ಕೊಟ್ಟ ಮಗಳ ಮನೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹಿರಿಯ ಮಗನ ಮನೆ, ಹೀಗೆ ನಾಲ್ಕು ಮನೆಗಳು ಸೇರಿ ಹದಿನೇಳು ಜನ. ಹಿಂದಿರುಗಿದ ಮೇಲೆ ಮನೆಗೆ ಕರೆದು ಚಹಾ ಕೊಟ್ಟು ಚಿತ್ರಗಳನ್ನು ತೋರಿಸಿದರು. ಎಲ್ಲರೂ ಸಾಲಾಗಿ ನಿಂತ ಒಂದು ಚಿತ್ರ ಬಹಳ ಚೆನ್ನಾಗಿತ್ತು. ಎಣಿಸಿದೆ, ಹದಿನಾರು ಜನರಿದ್ದರು. ಅಜ್ಜಿ ಕಾಣಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯನ್ನೇ ಕೇಳಿದೆ: “ಹೆಂಗಿತ್ತಮ್ಮಾ ಪ್ರವಾಸ?”

“ಛಲೋ ಇತ್ರಿ ಫಾದರ್. ಎಲ್ಲಾರೂ ಭಾಳ ಆಡಿದ್ರು. ನಾ ಚೀಲ ಕಾಯ್ಕೊಂಡ ಕುಂತಿದ್ದೆ.”

ಅವರ ಮಾತಿನಲ್ಲಿ ದೂರಿರಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ವಾರ ಈ ಅಂಕಣದಲ್ಲಿ ಕುಟುಂಬ ಪ್ರವಾಸದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ.

ಗುರುಗಳು ಪ್ರವಾಸದ ಬಗ್ಗೆ ಬರೆಯುತ್ತಾರೆಂದರೆ ದುಂದುವೆಚ್ಚವನ್ನು ಖಂಡಿಸುತ್ತಾರೆ ಎಂದು ಓದುಗರು ಊಹಿಸಬಹುದು. ನನ್ನ ಉದ್ದೇಶ ಅದಲ್ಲ. ಆಟ, ವಿನೋದ, ವಿಶ್ರಾಂತಿ ಇವು ಮನುಷ್ಯನಿಗೆ ಬೇಕು. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಟದಲ್ಲಿಯೂ ಸದ್ಗುಣವಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿ, ಇರಬಹುದು ಎಂದೇ ಉತ್ತರಿಸುತ್ತಾರೆ. ಅಲ್ಲಿ ಅವರು ಸಂತ ಯೊವಾನ್ನರ ಕುರಿತ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಯೊವಾನ್ನರು ತಮ್ಮ ಶಿಷ್ಯರೊಡನೆ ಆಟದಲ್ಲಿ ತೊಡಗಿದ್ದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಯೊವಾನ್ನರು ಹೇಳಿದರು. ಹಲವು ಬಾಣಗಳಾದ ಮೇಲೆ, ಹೀಗೆಯೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ ಆತ. ಮನುಷ್ಯನ ಮನಸ್ಸೂ ಅದರಂತೆಯೇ, ಎಂದೂ ಸಡಿಲಿಸದಿದ್ದರೆ ಮುರಿಯುತ್ತದೆ ಎಂದರು ಯೊವಾನ್ನರು. ತಾನೂ ನಗದೆ, ಇತರರ ನಗೆಗೂ ಅಡ್ಡಿಯಾಗುವವನದು ದೋಷವೆಂದು ಅಕ್ವಿನಾಸರು ಬರೆಯುತ್ತಾರೆ. ಆದರೆ ಆಟಕ್ಕೆ ಕೆಲವು ಎಲ್ಲೆಗಳನ್ನೂ ಹಾಕುತ್ತಾರೆ. ಅವುಗಳಲ್ಲೊಂದು, ಆಟವು ಆಡುವವರಿಗೂ ಕಾಲಕ್ಕೂ ಸ್ಥಳಕ್ಕೂ ಒಪ್ಪುವಂತಿರಬೇಕು ಎಂಬುದು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ನೀರಾಟದ ವಿಹಾರಧಾಮ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ವಿಜಯಪುರದಿಂದ ಪೂರ್ವಕ್ಕೆ ಸುಮಾರು 16 ಕಿಲೋಮೀಟರ್ ದೂರದ ಕುಮಟಗಿಗೆ ಹೋದವರು ಅಲ್ಲಿನ ಕೆರೆ, ಜಲಮಂಟಪ, ನೀರಿನ ಗೋಪುರಗಳನ್ನು ನೋಡಿರುತ್ತಾರೆ. ಆದಿಲಶಾಹಿ ಅರಸರ ಬೇಸಿಗೆಯ ವಿಹಾರದ ತಾಣ ಅದು. ಕೆರೆಯ ನೀರನ್ನು ಗೋಪುರಕ್ಕೆ ಏರಿಸಿ, ಕೊಳವೆಗಳಲ್ಲಿ ಹರಿಸಿ, ಮಂಟಪದೊಳಗೆ ತುಂತುರಾಗಿ ಚಿಮ್ಮಿಸುತ್ತಿದ್ದರು. ಗೋಡೆಗಳ ಮೇಲೆ ಕುಸ್ತಿಯಾಡುವವರ, ಕುದುರೆಯೇರಿ ಚೆಂಡಾಡುವವರ ಚಿತ್ರಗಳು ಮಸುಕಾಗಿಯಾದರೂ ಉಳಿದಿವೆ. ಆದರೆ ಆ ತುಂತುರು ಅರಮನೆಯವರ ಮೈಮೇಲೆ ಬೀಳುತ್ತಿತ್ತೇ ಹೊರತು ಕೊಳವೆ ಹೂಳಿದ ಕೂಲಿಯವನ ಮಕ್ಕಳ ಮೇಲೆ ಅಲ್ಲ. ಇಂದು ಚೀಟಿ ಕೊಂಡ ಯಾವ ಮನೆಯ ಮಗುವಾದರೂ ನೀರಿಗಿಳಿಯಬಹುದು. ಇದು ಸಣ್ಣ ಬದಲಾವಣೆಯಲ್ಲ. ಇದನ್ನು ನಾವು ಸಂತೋಷದಿಂದಲೇ ಒಪ್ಪಿಕೊಳ್ಳಬೇಕು.

ಬಿಡದಿಯ ಸಮೀಪ, ಮೈಸೂರು ರಸ್ತೆಯ ಬದಿಯಲ್ಲಿರುವ ವಂಡರ್‌ಲಾ ಉದ್ಯಾನ 2005ರಲ್ಲಿ ಆರಂಭವಾಯಿತು. ವಿಸ್ತಾರ 82 ಎಕರೆ. 2012ರಲ್ಲಿ 84 ಕೊಠಡಿಗಳ ರೆಸಾರ್ಟ್ ಅದರ ಜೊತೆಗೂಡಿತು. ದೂರದ ಊರಿನವರಿಗೆ ಇದರಿಂದ ಅನುಕೂಲವಾಯಿತು. ಇಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಹೋದವರು ಒಂದೇ ದಿನದಲ್ಲಿ ಆಡಿ ಮರಳುವುದು ಸುಲಭವಲ್ಲ. ಇದನ್ನು ಕಟ್ಟಿದವರು ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ. 2011ರಲ್ಲಿ ತಮಗೆ ಸಂಬಂಧವೇ ಇಲ್ಲದ ಒಬ್ಬ ಲಾರಿ ಚಾಲಕನಿಗೆ ತಮ್ಮ ಮೂತ್ರಪಿಂಡವನ್ನು ದಾನ ಮಾಡಿ ಅವರು ಸುದ್ದಿಯಾದರು. ವಿನೋದದ ವ್ಯಾಪಾರ ಮಾಡುವವರಿಗೆ ಪರರ ನೋವು ತಿಳಿಯದು ಎಂದು ಹೇಳಿಬಿಡುವ ಮುನ್ನ ನಾವು ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ನನ್ನ ತಕರಾರು ಏನು? ಉದ್ಯಾನದ ಬಗ್ಗೆ ಯಾವ ತಕರಾರೂ ಇಲ್ಲ. ನಾವು ಅಲ್ಲಿಗೆ ಹೋಗುವ ರೀತಿಯ ಬಗ್ಗೆ ಇದೆ.

ಈ ಪ್ರವಾಸದ ಖರ್ಚನ್ನು ನಾಲ್ಕು ಮನೆಗಳ ನಡುವೆ ಹೇಗೆ ಹಂಚಿದರು ಎಂಬುದು ನನಗೆ ಆಮೇಲೆ ತಿಳಿಯಿತು. ತಲೆ ಎಣಿಸಿ ಸಮಪಾಲು. ಬೆಂಗಳೂರಿನ ಹಿರಿಯ ಮಗ ಲೆಕ್ಕವನ್ನು ಬಹಳ ಅಚ್ಚುಕಟ್ಟಾಗಿ ಬರೆದು ಎಲ್ಲರಿಗೂ ಕಳುಹಿಸಿದ್ದ. ಯಾರಿಗೂ ಮೋಸವಾಗಬಾರದೆಂಬುದು ಅವನ ಆಶಯ. ಅವನಿಗೆ ಅದು ಒಂದು ತಿಂಗಳ ಸಂಬಳದ ಚಿಕ್ಕ ಪಾಲು. ತಿಕೋಟಾದ ತಮ್ಮನಿಗೆ ಹಾಗಿರಲಿಲ್ಲ. ಅವನದು ದ್ರಾಕ್ಷಿ ತೋಟ. ದ್ರಾಕ್ಷಿ ಬೆಳೆದು ಮಣೂಕ ಮಾಡುವವರ ಕಷ್ಟ ಈ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಎರಡು ವಾರ ಆಕಾಶ ನೋಡುತ್ತ ಕಾಯಬೇಕು. ಆ ದಿನಗಳಲ್ಲಿ ಅಕಾಲದ ಮಳೆ ಬಂದು ತೇವ ಹಿಡಿದರೆ ಬಣ್ಣ ಕಪ್ಪಾಗುತ್ತದೆ. ಬಣ್ಣ ಹೋದರೆ ದರವೂ ಹೋಗುತ್ತದೆ. ಅವನಿಗೆ ಹಾಗೆಯೇ ಆಗಿತ್ತು. ಆದರೂ ಹೆಂಡತಿ ಮಕ್ಕಳ ಮುಂದೆ, ಅಣ್ಣನ ಮುಂದೆ, “ನಮಗ ಆಗಂಗಿಲ್ಲ” ಎನ್ನಲು ಬಾಯಿ ಬರಲಿಲ್ಲ. ಗೊಬ್ಬರದ ಅಂಗಡಿಯವರಲ್ಲಿ ಕೈಗಡ ಪಡೆದು ಪಾಲು ಕಟ್ಟಿದ.

ಬಬಲೇಶ್ವರದ ಅಳಿಯನದು ಹೊಲಿಗೆ ಅಂಗಡಿ. ಮೊದಲ ರಾತ್ರಿ ಕಳೆದು, ಮರುದಿನ ಸಂಜೆಯೇ ಹೆಂಡತಿ ಮಕ್ಕಳೊಡನೆ ಹೊರಟುಬಿಟ್ಟ. ಮದುವೆ ಸುಗ್ಗಿ, ಅಂಗಡಿ ಬಹಳ ದಿನ ಮುಚ್ಚುವಂತಿಲ್ಲ ಎಂದ. ಎಲ್ಲರೂ ನಂಬಿದರು, ಇನ್ನೊಂದು ದಿನ ಇರಬಾರದಿತ್ತೇ ಎಂದು ಕೆಲವರು ಬೇಸರವನ್ನೂ ಪಟ್ಟರು. ಎರಡನೆಯ ರಾತ್ರಿಯ ಕೊಠಡಿಯ ಹಣ ಅವನ ಬಳಿ ಇರಲಿಲ್ಲ ಎಂಬುದು ಆಗ ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಸಮಪಾಲು ಎಂದರೆ ನ್ಯಾಯ ಎಂದು ನಾವು ತಿಳಿದಿದ್ದೇವೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಕುಸ್ತಿಪಟು ಮಿಲೋನ ಉದಾಹರಣೆ ಕೊಡುತ್ತಾನೆ. ಒಂದೇ ಅಳತೆಯ ಆಹಾರ ಮಿಲೋನಿಗೆ ತೀರ ಕಡಿಮೆಯಾಗುತ್ತದೆ, ಆಗತಾನೆ ಗರಡಿಗೆ ಬಂದ ಹುಡುಗನಿಗೆ ತೀರ ಹೆಚ್ಚಾಗುತ್ತದೆ. ಲೆಕ್ಕದ ಮಧ್ಯ ಬೇರೆ, ಮನುಷ್ಯನಿಗೆ ಸಲ್ಲುವ ಮಧ್ಯ ಬೇರೆ. ಪೈಲ್ವಾನರ ಈ ನಾಡಿನಲ್ಲಿ ಇದನ್ನು ವಿವರಿಸಬೇಕಿಲ್ಲ. ಪೈಲ್ವಾನನ ಊಟ ಪೈಲ್ವಾನನಿಗೆ, ಹುಡುಗನ ಊಟ ಹುಡುಗನಿಗೆ. ಖರ್ಚಿನ ಹೊರೆಯೂ ಹಾಗೆಯೇ. ನಾಲ್ಕು ಹೆಗಲಿಗೆ ಒಂದೇ ತೂಕ ಹೊರಿಸಿದರೆ ಲೆಕ್ಕ ಸರಿಹೋಗುತ್ತದೆ, ಒಂದು ಹೆಗಲು ಮಾತ್ರ ಮುರಿಯುತ್ತದೆ. ಮುರಿದ ಹೆಗಲಿನವನು ನಾಚಿಕೆಯಿಂದ ಸುಮ್ಮನಿರುವುದರಿಂದ ಉಳಿದವರಿಗೆ ಅದು ಗೊತ್ತಾಗುವುದೂ ಇಲ್ಲ. ಆಟವು ಆಡುವವರಿಗೆ ಒಪ್ಪುವಂತಿರಬೇಕು ಎಂದು ಅಕ್ವಿನಾಸರು ಹೇಳಿದ ಮಾತನ್ನು ನಾನು ಇಲ್ಲಿಗೆ ಅನ್ವಯಿಸುತ್ತೇನೆ. ಗುಂಪಿನಲ್ಲಿ ಕಡಿಮೆ ಇರುವವನಿಗೆ ಒಪ್ಪದ ಆಟ ಗುಂಪಿಗೇ ಒಪ್ಪುವ ಆಟವಲ್ಲ.

ತಿಕೋಟಾದ ಆ ತಮ್ಮನನ್ನು ಮುಂದೆ ಭೇಟಿಯಾದಾಗ, ಇಲ್ಲದ ಹಣ ಖರ್ಚು ಮಾಡಿದ್ದು ತಪ್ಪಲ್ಲವೇ ಎಂದು ಕೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು ಹೇಳಿದ: “ಸಾಲ ಆತ್ರಿ ಫಾದರ್, ಸುಳ್ಳಲ್ಲ. ಆದ್ರ ನನ್ನ ಮಗಳು ಹಂಗ ನಕ್ಕಿದ್ದು ನಾ ಎಂದೂ ನೋಡಿರಲಿಲ್ರಿ.” ಬುದ್ಧಿ ಹೇಳಲು ಹೋದ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯೊಬ್ಬ ಮಗಳ ನಗೆಗಾಗಿ ಸಾಲ ಮಾಡಿದ್ದನ್ನು ತಪ್ಪೆಂದು ತೀರ್ಪು ಕೊಡಲು ನನಗೆ ಇಂದಿಗೂ ಮನಸ್ಸು ಬಾರದು. ಆದರೆ ಆ ನಗೆಯ ಬೆಲೆಯನ್ನು ಅಣ್ಣ ಸ್ವಲ್ಪ ಹೊರಬಹುದಿತ್ತು. ಅವನು ಕೇಳಿದ್ದರೆ ಸಾಕಿತ್ತು. ಅವನು ಕೆಟ್ಟವನಲ್ಲ, ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೇ.

ಇನ್ನು ಅಜ್ಜಿಯ ವಿಷಯ. ನೀರಿನ ಆಟಗಳಿಗೆ ನೈಲಾನ್ ಬಗೆಯ ಉಡುಪು ಕಡ್ಡಾಯ. ದೊಡ್ಡ ಯಂತ್ರಗಳಿಗೆ ಎತ್ತರದ ಅಳತೆ ಇದೆ, ಹೃದಯರೋಗಿಗಳಿಗೆ ನಿಷೇಧವಿದೆ. ಇವೆಲ್ಲ ಸುರಕ್ಷತೆಗೆ ಬೇಕಾದ ನಿಯಮಗಳೇ. ಆದರೆ ಇಳಕಲ್ಲ ಸೀರೆಯುಟ್ಟ ಎಪ್ಪತ್ತರ ಅಜ್ಜಿ ಅಲ್ಲಿ ಮಾಡುವುದೇನು? ಬೆಂಚಿನ ಮೇಲೆ ಕೂಡುವುದು. ಕುಳಿತವರ ಮಡಿಲಿಗೆ ಚೀಲಗಳು ತಾವಾಗಿಯೇ ಬಂದು ಸೇರುತ್ತವೆ. ಸೊಸೆಯ ಚೀಲ, ಮೊಮ್ಮಗನ ಚಪ್ಪಲಿ, ಮಗನ ಕನ್ನಡಕ. ಬಾಡಿಗೆಗೆ ಸಿಗುವ ಲಾಕರುಗಳ ನೆನಪು ಯಾರಿಗೂ ಆಗುವುದಿಲ್ಲ, ಅಜ್ಜಿ ಇದ್ದಾರಲ್ಲ!

ಇಲ್ಲೊಂದು ಸೋಜಿಗದ ಸಂಗತಿಯಿದೆ. ಇಂಥ ಉದ್ಯಾನಗಳ ಇತಿಹಾಸದಲ್ಲಿ ದೊಡ್ಡ ಹೆಸರು ಅಮೆರಿಕದ ವಾಲ್ಟ್ ಡಿಸ್ನಿಯವರದು. ಲಾಸ್ ಏಂಜಲೀಸಿನ ಒಂದು ಉದ್ಯಾನದಲ್ಲಿ ತಮ್ಮ ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಆಡುತ್ತಿರುವಾಗ ಅವರು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಮಕ್ಕಳು ಮಾತ್ರವಲ್ಲ, ಹಿರಿಯರೂ ಜೊತೆಗೂಡಿ ಆನಂದಿಸುವ ಜಾಗವೊಂದು ಏಕಿರಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಯೇ ಎಂದು ಅವರೇ ಹೇಳಿಕೊಂಡಿದ್ದಾರೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅದೇ ವರ್ಷ ಅದರ ಬಳಿ ಹೋಟೆಲೂ ಬಂತು. ಬೆಂಚಿನ ಮೇಲೆ ಒಂಟಿಯಾಗಿ ಕುಳಿತವನನ್ನು ಎಬ್ಬಿಸಲೆಂದು ಹುಟ್ಟಿದ ಯೋಚನೆ ಅದು. ಅಂಥ ಜಾಗಕ್ಕೇ ಹೋಗಿ ನಾವು ನಮ್ಮ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಬರುತ್ತೇವೆ.

ದೂರುವುದು ಸುಲಭ, ಮಾಡಬೇಕಾದದ್ದನ್ನೂ ಹೇಳಬೇಕು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮ ಅದನ್ನು ಸಭೆಗೆಲ್ಲ ಸಾರಲಿಲ್ಲ. ಮಗನಿಗೆ ಮೆಲ್ಲಗೆ ಹೇಳಿದರು, ಆಳುಗಳಿಗೆ ಮೆಲ್ಲಗೆ ಹೇಳಿದರು. ಔತಣದ ಮೇಲ್ವಿಚಾರಕನಿಗೂ ಆ ಕೊರತೆಯ ಸುಳಿವು ಸಿಗಲಿಲ್ಲ. ಮದುವೆ ಮನೆಯ ಮಾನ ಉಳಿಯಿತು. ಪ್ರತಿ ಕುಟುಂಬಕ್ಕೂ ಇಂಥ ಒಬ್ಬರು ಬೇಕು. ಪ್ರವಾಸ ನಿಶ್ಚಯಿಸುವ ಮುನ್ನ, ಹಿರಿಯರೊಬ್ಬರು ಒಂದೊಂದು ಮನೆಯವರನ್ನೂ ಪ್ರತ್ಯೇಕವಾಗಿ, ಮೆಲ್ಲಗೆ ಕೇಳಲಿ: ಈ ವರ್ಷ ಬೆಳೆ ಹೇಗಿದೆ, ಅಂಗಡಿ ಹೇಗಿದೆ? ಕೇಳಿದ್ದನ್ನು ತಮ್ಮಲ್ಲೇ ಇಟ್ಟುಕೊಂಡು, ಶಕ್ತಿ ಇರುವವನಿಂದ ಹೆಚ್ಚು, ಇಲ್ಲದವನಿಂದ ಕಡಿಮೆ ತೆಗೆದುಕೊಳ್ಳಲಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಮನೆಮನೆಗೆ ಹೋಗದಿರಲಿ. ಅಷ್ಟಾದರೂ ಹೊಂದದಿದ್ದರೆ ಆ ವರ್ಷ ಆಲಮಟ್ಟಿಯ ಉದ್ಯಾನಕ್ಕೋ ಮಮದಾಪುರದ ಕೆರೆಯ ದಂಡೆಗೋ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಲಿ. ಅದು ಸೋಲಲ್ಲ. ಬೆಂಗಳೂರಿನವನೇ ಆ ಮಾತನ್ನು ಮೊದಲು ಆಡಿದರೆ ತಿಕೋಟಾದವನ ತಲೆ ತಗ್ಗುವುದಿಲ್ಲ.

ಚೀಲದ ಪಾಳಿ ಗಂಟೆಗೊಬ್ಬರಂತೆ ಸುತ್ತಲಿ. ಹಿರಿಯ ಮಗನೂ ಕೂರಲಿ, ಕಾಲೇಜಿನ ಮೊಮ್ಮಗಳೂ ಕೂರಲಿ. ಅಜ್ಜಿಗೆ ಒಪ್ಪುವ ನಿಧಾನದ ಆಟಕ್ಕೆ ಅವರ ಕೈ ಹಿಡಿದು ಯಾರಾದರೂ ಜೊತೆಗೆ ಹೋಗಲಿ. ಭಾನುವಾರ ಬಂದರೆ ಬಲಿಪೂಜೆಗೆ ಸಮಯ ಉಳಿಸಿಕೊಳ್ಳಿ. ರೆಸಾರ್ಟಿನಲ್ಲಿ ಹಾಸಿಗೆ ಸರಿಪಡಿಸುವವರಿಗೂ ಕೊಳದ ಬದಿ ಕಾವಲು ನಿಲ್ಲುವವರಿಗೂ ಒಂದು ವಂದನೆ ಹೇಳಿ. ನಮ್ಮ ರಜೆ ಅವರ ದುಡಿಮೆಯ ದಿನ. ದುಡಿಯುವವನ ವಿಶ್ರಾಂತಿ ಅವನ ಹಕ್ಕೆಂದು ಪೋಪ್ ಹದಿಮೂರನೆಯ ಲಿಯೋ 1891ರಲ್ಲೇ ಬರೆದರು. ಮನೆಯಲ್ಲಿ ವರ್ಷವಿಡೀ ದುಡಿಯುವವರಿಗೂ ಆ ಹಕ್ಕು ಇದೆ.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ಮನೆಯವರಿಗೆ ಓದಿ ಹೇಳಿದೆ. ಅಳಿಯ ಬೇಗನೆ ಹೊರಟ ಕಾರಣ ಆಗ ಎಲ್ಲರಿಗೂ ತಿಳಿಯಿತು. ಹೇಳಲು ಅವನೇ ಒಪ್ಪಿದ್ದ. ಹಿರಿಯ ಮಗ ಬಹಳ ಹೊತ್ತು ಮಾತನಾಡಲಿಲ್ಲ. ಬರುವ ಬೇಸಿಗೆಯ ಲೆಕ್ಕವನ್ನು ಇನ್ನು ತಾಯಿಯೇ ಹಾಕಲಿ ಎಂದ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಪ್ರವಾಸದ ಮಾತು ನಡೆದಿದ್ದರೆ, ಚೀಟಿ ಕೊಳ್ಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಈ ಖರ್ಚಿಗೆ ಸಾಲ ಮಾಡುತ್ತಿರುವವರು ಯಾರು? ಚೀಲ ಕಾಯುವವರು ಯಾರು? ಈ ಎರಡಕ್ಕೂ ಪ್ರೀತಿಯ ಉತ್ತರ ಸಿಕ್ಕ ಮೇಲೆ ಸಂತೋಷದಿಂದ ಹೋಗಿ ಬನ್ನಿ.