ಹಳೇ ಪೋಲಿಯೊ, ಹೊಸ ಆಯಾಸ



ಈ ವಾರ ನನ್ನ ಎಡಗಾಲಿನ ವಿಷಯ. ನಮ್ಮ ಉಬ್ರಾಣಿಯ ಶಾಲೆ ಮಕ್ಕಳು ನನ್ನನ್ನು ಕಂಡಾಗೆಲ್ಲ ಕೇಳುತ್ತಾರೆ: "ಅಜ್ಜಾ, ನಿಮ್ಮ ಒಂದು ಕಾಲು ಯಾಕೆ ಸಣ್ಣ? ಆ ಕಬ್ಬಿಣದ ಪಟ್ಟಿ ಯಾಕೆ?" ಪಕ್ಕದಲ್ಲಿದ್ದ ದೊಡ್ಡವರು ಅವರನ್ನು ಗದರಿಸುತ್ತಾರೆ. ದಯವಿಟ್ಟು ಗದರಿಸಬೇಡಿ. ಕೇಳಿದರೆ ತಾನೇ ಗೊತ್ತಾಗುವುದು?

ನಾನು ಹುಟ್ಟಿದ್ದು 1961ರಲ್ಲಿ. ಎರಡು ವರ್ಷದವನಿದ್ದಾಗ ಜ್ವರ ಬಂತು. ಜ್ವರ ಇಳಿಯಿತು, ಎಡಗಾಲು ಮಾತ್ರ ಮೇಲೇಳಲಿಲ್ಲ. ಅವ್ವ ಎಣ್ಣೆ ತಿಕ್ಕಿದಳು, ಹರಕೆ ಹೊತ್ತಳು. ಆಮೇಲೆ ಆಸ್ಪತ್ರೆ, ಆಮೇಲೆ ಕ್ಯಾಲಿಪರ್. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟರು. ಓದಿದೆ, ಲೆಕ್ಕ ಕಲಿತೆ, ಮದುವೆಯಾದೆ, ಎರಡು ಮಕ್ಕಳನ್ನು ಬೆಳೆಸಿದೆ. ಅಡಿಕೆ ಸುಗ್ಗಿ ಬಂದರೆ ಸುಲಿಯುವವರ ಕೂಲಿ ಲೆಕ್ಕ ಬರೆಯುವವನು ಇಂದಿಗೂ ನಾನೇ.

ಪೋಲಿಯೊ ಒಂದು ವೈರಸ್. ಕೊಳಕು ನೀರು, ತೊಳೆಯದ ಕೈಗಳ ಮೂಲಕ ಹೊಟ್ಟೆ ಸೇರುತ್ತದೆ. ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಅದು ಬೆನ್ನುಹುರಿಗೆ ನುಗ್ಗಿ, ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳನ್ನು ಕೊಲ್ಲುತ್ತದೆ. ಆ ಒಬ್ಬರಲ್ಲಿ ನಾನೂ ಒಬ್ಬ. ನನ್ನ ಮೈಯಲ್ಲಿ ಈಗ ವೈರಸ್ ಇಲ್ಲ. ನನ್ನ ಪಕ್ಕ ಕೂತರೆ, ನನ್ನ ತಟ್ಟೆಯಲ್ಲಿ ಉಂಡರೆ ಯಾರಿಗೂ ಏನೂ ಅಂಟುವುದಿಲ್ಲ.

ಐವತ್ತೈದು ದಾಟಿದ ಮೇಲೆ ಹೊಸ ತೊಂದರೆ ಶುರುವಾಯಿತು. ಮಧ್ಯಾಹ್ನಕ್ಕೇ ಸುಸ್ತು. ಚಳಿಗಾಲದಲ್ಲಿ ಕಾಲು ಹಿಮದ ಹಾಗೆ ತಣ್ಣಗೆ. ಗಟ್ಟಿಯಾಗಿದ್ದ ಬಲಗಾಲಿನಲ್ಲೂ ನೋವು. "ವಯಸ್ಸಾಯ್ತಲ್ಲ" ಎಂದರು ಕೆಲವರು. "ಜಾಸ್ತಿ ನಡೀಬೇಕು, ಮೈ ಬಗ್ಗಿಸಬೇಕು" ಎಂದರು ಇನ್ನು ಕೆಲವರು. ದಾವಣಗೆರೆಯಲ್ಲಿ ನರರೋಗದ ವೈದ್ಯರೊಬ್ಬರು ಪರೀಕ್ಷಿಸಿ ಇದಕ್ಕೊಂದು ಹೆಸರು ಹೇಳಿದರು: ಪೋಸ್ಟ್ ಪೋಲಿಯೊ ಸಿಂಡ್ರೋಮ್. ಪೋಲಿಯೊ ಬಂದು ಹದಿನೈದು ವರ್ಷ, ಮೂವತ್ತು, ನಲವತ್ತು ವರ್ಷ ಕಳೆದ ಮೇಲೂ ಇದು ತಲೆ ಎತ್ತಬಹುದು. ಎಲ್ಲರಿಗೂ ಬರುವುದಿಲ್ಲ, ಹಲವರಿಗೆ ಬರುತ್ತದೆ.

ಮಕ್ಕಳೇ, ಇದು ಯಾಕೆ ಆಗುತ್ತದೆ ಎಂಬುದು ತೋಟದ ಉದಾಹರಣೆಯಿಂದ ತಿಳಿಯುತ್ತದೆ. ಒಂದು ತೋಟಕ್ಕೆ ಹತ್ತು ನೀರಿನ ಪೈಪುಗಳಿದ್ದವು ಅನ್ನಿ. ಐದು ಒಡೆದು ಹೋದವು. ಉಳಿದ ಐದಕ್ಕೆ ಕವಲು ಹಾಕಿ ಎಲ್ಲ ಮರಕ್ಕೂ ನೀರು ಹಾಯಿಸಿದಿರಿ. ತೋಟ ಉಳಿಯಿತು. ಆದರೆ ಆ ಐದು ಪೈಪುಗಳ ಮೇಲೆ ಎರಡು ಪಾಲು ಭಾರ. ವರ್ಷಗಳು ಕಳೆದ ಹಾಗೆ ಒಂದೊಂದೇ ಕವಲು ಸೋತು ಒಣಗುತ್ತದೆ. ಪೋಲಿಯೊದಲ್ಲಿ ಉಳಿದುಕೊಂಡ ನರಗಳೂ ಹಾಗೇ ಕವಲೊಡೆದು, ಅನಾಥವಾದ ಸ್ನಾಯುಗಳನ್ನು ಸಾಕಿರುತ್ತವೆ. ಅವು ದಣಿದಾಗ ಹೊಸ ಸುಸ್ತು ಬರುತ್ತದೆ ಎಂದು ವೈದ್ಯರು ಭಾವಿಸುತ್ತಾರೆ.

ಹಾಗಾದರೆ ಬದುಕುವುದು ಹೇಗೆ? ನಾನು ಪಾಲಿಸುವುದನ್ನು ಹೇಳುತ್ತೇನೆ.

ದಣಿಯುವ ಮೊದಲೇ ಕೂರುತ್ತೇನೆ, ದಣಿದ ಮೇಲಲ್ಲ. ಸಂತೆ, ಬ್ಯಾಂಕು, ತೋಟ ಮೂರನ್ನೂ ಒಂದೇ ದಿನ ಇಟ್ಟುಕೊಳ್ಳುವುದಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಗುರ ವ್ಯಾಯಾಮ ಮಾಡುತ್ತೇನೆ. ಅದಕ್ಕೊಂದು ಅಳತೆ ಇದೆ: ಮರುದಿನ ಬೆಳಿಗ್ಗೆಯೂ ನೋವು, ಸುಸ್ತು ಉಳಿದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದರ್ಥ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿದೆ, ಜಾರುವ ಕಲ್ಲು ತೆಗೆಸಿದೆ. ಚಳಿಗೆ ಉಣ್ಣೆಯ ಕಾಲುಚೀಲ. ತೂಕ ಏರದಂತೆ ಊಟ. ಸವೆದ ಕ್ಯಾಲಿಪರ್ ಬದಲಾಯಿಸಿದೆ. ದೂರ ಹೋಗುವಾಗ ಊರುಗೋಲು ಹಿಡಿಯುತ್ತೇನೆ. ಕೋಲು ಹಿಡಿದ ಮೇಲೆಯೇ ನಾನು ಮತ್ತೆ ಜಾತ್ರೆ ನೋಡಿದ್ದು.

ನನ್ನ ಹಾಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದಿದ್ದ ಅಜ್ಜ ಅಜ್ಜಿಯರಿದ್ದರೆ ಕೇಳಿ. ಹೊಸ ಸುಸ್ತನ್ನು ನೀವೇ ಪೋಲಿಯೊ ಲೆಕ್ಕಕ್ಕೆ ಹಾಕಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇಲ್ಲವೆಂದು ಮೊದಲು ಪರೀಕ್ಷೆಯಾಗಲಿ. ಯಾವುದೇ ಆಪರೇಷನ್‌ಗೆ ಮುಂಚೆ, ಅರಿವಳಿಕೆ ಕೊಡುವ ವೈದ್ಯರಿಗೆ ಪೋಲಿಯೊ ಬಂದಿದ್ದನ್ನು ತಪ್ಪದೆ ಹೇಳಿ. ಮಲಗಿದಾಗ ಉಸಿರಾಟಕ್ಕೆ ಕಷ್ಟವಾದರೆ ತಡಮಾಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಮಗೂ ಅನ್ವಯಿಸುತ್ತದೆ. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಅದು ಭಿಕ್ಷೆಯಲ್ಲ, ಹಕ್ಕು.

ಮಕ್ಕಳಿಗೆ ಒಬ್ಬರ ಪರಿಚಯ ಮಾಡಿಸಬೇಕು. ಬೆಂಗಳೂರಿನ ಮಾಲತಿ ಹೊಳ್ಳ ಹುಟ್ಟಿದ್ದು 1958ರಲ್ಲಿ. ಕೂಸಾಗಿದ್ದಾಗಲೇ ಪೋಲಿಯೊ ಬಂತು. ಬಾಲ್ಯದ ಬಹಳ ವರ್ಷ ಚೆನ್ನೈನ ಚಿಕಿತ್ಸಾ ಕೇಂದ್ರದಲ್ಲಿ ಕಳೆಯಿತು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಗಾಲಿಕುರ್ಚಿಯಲ್ಲಿ ಕುಳಿತೇ ಓಟದ ಸ್ಪರ್ಧೆಗಿಳಿದರು, ಗುಂಡು, ಚಕ್ರ, ಈಟಿ ಎಸೆದರು, ಮುನ್ನೂರಕ್ಕೂ ಹೆಚ್ಚು ಪದಕ ಗೆದ್ದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಜೊತೆಗೆ ಬ್ಯಾಂಕಿನ ಕೆಲಸ. ಅಂಗವೈಕಲ್ಯವಿರುವ ಮಕ್ಕಳನ್ನು ಸಾಕಿ ಓದಿಸಲು ಮಾತೃ ಫೌಂಡೇಶನ್ ಕಟ್ಟಿದರು. ನಮ್ಮಂಥವರೆಲ್ಲ ಪದಕ ಗೆಲ್ಲಬೇಕಿಲ್ಲ. ಶಾಲೆಗೆ ಸೇರಿಸಿಕೊಂಡರೆ, ಕೆಲಸ ಕೊಟ್ಟರೆ, ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿದರೆ ಉಳಿದದ್ದನ್ನು ನಾವೇ ನೋಡಿಕೊಳ್ಳುತ್ತೇವೆ.

ನಿಮ್ಮ ತರಗತಿಯಲ್ಲಿ ನಡೆಯಲು ಕಷ್ಟಪಡುವ ಗೆಳೆಯನಿದ್ದರೆ "ಕುಂಟ" ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ. ದಿಢೀರನೆ ತೋಳು ಹಿಡಿದು ಎಳೆಯಬೇಡಿ, ಬಿದ್ದುಬಿಡುತ್ತಾನೆ. "ಸಹಾಯ ಬೇಕಾ?" ಎಂದು ಕೇಳಿ. ಬೇಡ ಎಂದರೆ ಸುಮ್ಮನೆ ಜೊತೆಗೆ ನಡೆಯಿರಿ, ಸ್ವಲ್ಪ ನಿಧಾನವಾಗಿ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಕಾಡು ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹುಡುಗಿಯಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಆ ವೈರಸ್ ಇನ್ನೂ ಹೋಗಿಲ್ಲ. ಹಾಗಾಗಿ ಹನಿ ನಿಲ್ಲಿಸುವಂತಿಲ್ಲ.

ಈ ವಾರದ ಕೆಲಸ ಇಷ್ಟು. ಅಜ್ಜ ಅಜ್ಜಿಯರು ಮನೆಯ ಕೂಸಿನ ತಾಯಿ ಕಾರ್ಡ್ ತೆಗೆದು, ಪೋಲಿಯೊ ಹನಿ ಮತ್ತು ಚುಚ್ಚುಮದ್ದು ಬಾಕಿ ಇವೆಯೇ ನೋಡಿ. ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಕ್ಕಳು ನಿಮ್ಮ ಬೀದಿಯಲ್ಲಿ ಪೋಲಿಯೊ ಗೆದ್ದು ಬಾಳಿದ ಹಿರಿಯರಿದ್ದರೆ, ಪಕ್ಕ ಕೂತು ಅವರ ಶಾಲೆಯ ದಿನಗಳನ್ನು ಕೇಳಿ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.